ಸ್ಟೂಲ್ ಹತ್ತಬೇಡಿ, ನೀರೇ ಹತ್ತಲಿ!

ಅಡುಗೆಮನೆ ಸಜ್ಜದ ಮೇಲೋ, ಹಾಲ್‌ನ ಶೋಕೇಸ್ ಮೇಲೋ ಮನಿ ಪ್ಲಾಂಟ್ ಇಟ್ಟು ಬಳ್ಳಿ ಇಳಿಬಿಟ್ಟರೆ ಮನೆಗೇ ಒಂದು ಕಳೆ. ಆದರೆ ನೀರು ಹಾಕುವಾಗ? ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಗೋಡೆಗೆ, ಕಾಲಡಿಯಲ್ಲಿ ಅಲ್ಲಾಡುವ ಪ್ಲಾಸ್ಟಿಕ್ ಸ್ಟೂಲ್. ನೀರು ಹೆಚ್ಚಾಯ್ತು ಅಂತ ಗೊತ್ತಾಗೋದು ಸೋಫಾ ಮೇಲೆ ಕೆಂಪು ನೀರು ಸುರಿದಾಗಲೇ.

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಲ್ಲಿರುವ ನಮ್ಮ ಚಿಕ್ಕಮ್ಮ ಹೀಗೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆರು ವಾರ ಕೈಗೆ ಪ್ಲಾಸ್ಟರ್. "ಹಾಳಾದ್ ಬಳ್ಳಿ, ಕಿತ್ತು ಬಿಸಾಕ್ತೀನಿ" ಅಂದಿದ್ದವರು ಬಿಸಾಕಲಿಲ್ಲ. ಬಳ್ಳಿ ಈಗಲೂ ಅಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ, ಮಗ ಮನೆಯಲ್ಲಿರುವ ಭಾನುವಾರ, ಅವನೇ ಕೆಳಗಿಳಿಸಿ ನೀರು ತುಂಬಿ ಮೇಲಿಡುತ್ತಾನೆ. ನಡುವಿನ ದಿನಗಳಲ್ಲಿ ಗಿಡ ತನಗೆ ಬೇಕಾದಷ್ಟು ತಾನೇ ಕುಡಿಯುತ್ತದೆ.

ದೀಪದ ಬತ್ತಿ ಎಣ್ಣೆ ಹೀರುತ್ತದಲ್ಲ, ಅಷ್ಟೇ ಉಪಾಯ. ಗಟ್ಟಿ ಮುಚ್ಚಳದ ಒಂದು ಲೀಟರ್ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಮುಚ್ಚಳಕ್ಕೆ ತೂತು ಮಾಡಿ ಅದರ ಮೇಲೆ ಕುಂಡ ಕೂರಿಸಿ. ಬತ್ತಿಯ ಒಂದು ತುದಿ ಕುಂಡದ ಮಣ್ಣಿನ ಅರ್ಧದವರೆಗೆ ಬರಲಿ, ಇನ್ನೊಂದು ಡಬ್ಬದ ತಳ ಮುಟ್ಟಲಿ. ಕುಂಡದ ತಳಕ್ಕೆ ನೀರು ತಾಗಬಾರದು, ಬೇರು ಕೊಳೆಯುತ್ತದೆ. ಹಳೇ ಕಾಟನ್ ಸೀರೆಯ ಚೂರೂ ಬತ್ತಿಯಾಗುತ್ತದೆ, ಆದರೆ ಕೆಲವೇ ತಿಂಗಳಲ್ಲಿ ಕೊಳೆತು ಹೋಗುತ್ತದೆ. ದೊಡ್ಡಬಳ್ಳಾಪುರದ ಕಡೆ ಮಗ್ಗಗಳಿಗೇನು ಬರವೇ? ಚಿಕ್ಕಮ್ಮ ಪಾಲಿಯೆಸ್ಟರ್ ನೂಲನ್ನು ಜಡೆಯಂತೆ ಹೆಣೆದು ಹಾಕಿದ್ದಾರೆ.

ತಪ್ಪುವುದು ಮಣ್ಣಿನಲ್ಲಿ. ಬರೀ ಕೆಮ್ಮಣ್ಣು ಗಟ್ಟಿಯಾಗಿ ಕೂರುತ್ತದೆ, ನೀರು ಮೇಲೇರುವುದಿಲ್ಲ. ಅರ್ಧ ತೆಂಗಿನ ನಾರಿನ ಪುಡಿ, ಕಾಲು ಭಾಗ ಗೊಬ್ಬರ, ಉಳಿದದ್ದು ಮಣ್ಣು-ಮರಳು ಬೆರೆಸಿ. ಮೊದಲ ಸಲ ಮೇಲಿನಿಂದಲೇ ಚೆನ್ನಾಗಿ ನೀರು ಹಾಕಿ. ಒಣಗಿದ ಬತ್ತಿ, ಒಣ ಮಣ್ಣು ನೀರೆಳೆಯುವುದಿಲ್ಲ.

ಬೋರ್‌ವೆಲ್ ನೀರಿನವರು ಇನ್ನೊಂದು ಗಮನಿಸಿ. ನೀರು ಕೆಳಗಿಂದ ಬರುವುದರಿಂದ ಅದರಲ್ಲಿರುವ ಉಪ್ಪು ಮಣ್ಣಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು ಮೇಲಿನಿಂದ ನೀರು ಸುರಿದು ತೊಳೆಯಿರಿ. ವಾಟರ್ ಫಿಲ್ಟರ್‌ನಿಂದ ಹೊರಬೀಳುವ ನೀರನ್ನಂತೂ ಇದಕ್ಕೆ ತುಂಬಲೇಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಮಳೆನೀರಾದರೆ ಬಹಳ ಒಳ್ಳೆಯದು.

ಮುಚ್ಚಳದ ತೂತು ಬತ್ತಿಗೆ ಸರಿಯಾಗಿರಲಿ, ಸಂದಿಗೆ ಬಟ್ಟೆ ತುರುಕಿ. ಡೆಂಗಿ ಹರಡುವ ಸೊಳ್ಳೆಗೆ ನಿಂತ ತಿಳಿನೀರೆಂದರೆ ಇಷ್ಟ. ವಾರ-ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಡಬ್ಬ ಪಾರದರ್ಶಕವಾಗಿದ್ದರೆ ಪಾಚಿ ಕಟ್ಟುತ್ತದೆ, ಆದ್ದರಿಂದ ಕಾಗದ ಸುತ್ತಿ, ಬೆರಳಗಲ ಮಾತ್ರ ಬಿಡಿ. ಆಗ ಕೆಳಗೆ ನಿಂತೇ ನೀರೆಷ್ಟಿದೆ ನೋಡಬಹುದು.

ಕೊಕ್ಕೆಗೆ ತೂಗುಹಾಕುವುದಾದರೆ ನರ್ಸರಿಯಲ್ಲಿ ಸಿಗುವ ರೆಡಿಮೇಡ್ ಕುಂಡವೇ ವಾಸಿ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಹೆಚ್ಚು ಭಾರ, ಕೊಕ್ಕೆ ಮೊದಲು ಎಳೆದು ನೋಡಿ.

ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಫರ್ನ್‌ಗಳಿಗೆ ಇದು ಒಗ್ಗುತ್ತದೆ. ಮಣಿಸರದಂತೆ ಇಳಿಬೀಳುವ, ದಪ್ಪ ಎಲೆಯ ಗಿಡಗಳಿಗೆ ಬೇಡವೇ ಬೇಡ; ಅವು ಒಣ ಮಣ್ಣು ಕೇಳುತ್ತವೆ. ಮಳೆಗಾಲದಲ್ಲಿ ಡಬ್ಬ ಖಾಲಿಯಾದ ಮೇಲೆ ಎರಡು-ಮೂರು ದಿನ ಬಿಟ್ಟೇ ತುಂಬಿ.

ಹಬ್ಬಕ್ಕೆ ಊರಿಗೆ ಹೊರಡುವ ಹಿಂದಿನ ದಿನ ಮೊದಲ ಬಾರಿ ಬತ್ತಿ ಹಾಕಲು ಹೋಗಬೇಡಿ. ಒಂದು ತಿಂಗಳು ಮುಂಚೆಯೇ ಹಾಕಿ, ಡಬ್ಬ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ.