ಸಿಡಿಲು ಬಡಿದು ಎತ್ತರವಾದ ಮಿನಾರು

ದೆಹಲಿಯ ಮೆಹ್ರೌಲಿಗೆ ಬಂದವರು ಮೊದಲು ಕತ್ತೆತ್ತಿ ಕುತುಬ್ ಮಿನಾರಿನ ತುದಿ ಹುಡುಕುತ್ತಾರೆ. 72.5 ಮೀಟರ್ ಎತ್ತರ, ಐದು ಅಂತಸ್ತು, ಒಳಗೆ 379 ಮೆಟ್ಟಿಲು. ಆದರೆ ಇದರ ಕಥೆ ತಿಳಿಯಲು ಬುಡದಿಂದಲೇ ಶುರುಮಾಡಬೇಕು. ಏಕೆಂದರೆ ಇದು ಒಬ್ಬನೇ ಕಟ್ಟಿಸಿದ್ದಲ್ಲ.

1199ರ ಸುಮಾರಿಗೆ ಕುವ್ವತುಲ್ ಇಸ್ಲಾಂ ಮಸೀದಿಯ ಪಕ್ಕದಲ್ಲಿ ಕೆಲಸ ಆರಂಭಿಸಿದ ಕುತುಬುದ್ದೀನ್ ಐಬಕನ ಕಾಲಕ್ಕೆ ಮುಗಿದದ್ದು ಮೊದಲ ಅಂತಸ್ತು ಮಾತ್ರ. ಅದರ ಮೇಲೆ ಮೂರು ಅಂತಸ್ತು ಏರಿಸಿದವನು ಅವನ ಅಳಿಯ ಇಲ್ತುತ್ಮಿಶ್.

ಕೆಂಪು ಮರಳುಗಲ್ಲಿನ ಮೈಯನ್ನು ಹತ್ತಿರದಿಂದ ನೋಡಿದರೆ ಸೀರೆಯ ನೆರಿಗೆ ನೆನಪಾಗುತ್ತದೆ. ಮೊದಲ ಅಂತಸ್ತಿನಲ್ಲಿ ಒಂದು ನೆರಿಗೆ ದುಂಡಗಿದ್ದರೆ ಪಕ್ಕದ್ದು ಚೂಪು. ಎರಡನೆಯದರಲ್ಲಿ ಎಲ್ಲವೂ ದುಂಡು, ಮೂರನೆಯದರಲ್ಲಿ ಎಲ್ಲವೂ ಚೂಪು. ನಡುನಡುವೆ ಅರಬ್ಬಿ ಬರಹದ ಪಟ್ಟಿಗಳು ಸುತ್ತುಹಾಕಿವೆ. ಹೊರಚಾಚಿದ ಮೊಗಸಾಲೆಗಳನ್ನು ಹೊತ್ತಿರುವುದು ಜೇನುಗೂಡಿನ ಕೋಶಗಳಂತೆ ಕೊರೆದ ಕಲ್ಲಿನ ಸಾಲು. ಬುಡದಲ್ಲಿ 14.32 ಮೀಟರ್ ಅಗಲವಿರುವ ಗೋಪುರ ತುದಿ ಮುಟ್ಟುವಾಗ 2.75 ಮೀಟರಿಗೆ ಇಳಿಯುತ್ತದೆ.

1368ರಲ್ಲಿ ಸಿಡಿಲು ಬಡಿಯಿತು.

ಹಾನಿಯಾದ ನಾಲ್ಕನೆಯ ಅಂತಸ್ತನ್ನು ಫಿರೋಜ್ ಷಾ ತುಘಲಕ್ ಬಿಚ್ಚಿಸಿ, ಅದರ ಜಾಗದಲ್ಲಿ ಎರಡು ಕಟ್ಟಿಸಿದ. ಮೇಲ್ಭಾಗದಲ್ಲಿ ಕೆಂಪು ಕಲ್ಲಿನ ಜೊತೆ ಬಿಳಿ ಅಮೃತಶಿಲೆ ಕಾಣುವುದು ಅದಕ್ಕೇ. ಮಿನಾರನ್ನು ಮೊದಲಿಗಿಂತ ಎತ್ತರ ಮಾಡಿದೆನೆಂದು ಸುಲ್ತಾನ ತನ್ನ ಬರಹದಲ್ಲಿ ಹೇಳಿಕೊಂಡಿದ್ದಾನೆ. ಕೆಲಸ ಮಾಡಿದ ಶಿಲ್ಪಿಗಳೂ ಸುಮ್ಮನಿರಲಿಲ್ಲ: ನಾನಾ, ಸಾಲ್ಹಾ ಎಂಬ ಹೆಸರುಗಳನ್ನು ನಾಗರಿ ಲಿಪಿಯಲ್ಲಿ ಕೆತ್ತಿ, ಇದು ವಿಶ್ವಕರ್ಮನ ಪ್ರಸಾದವೆಂದು ಬರೆದರು. ಮಸೀದಿಯ ಗೋಪುರದ ಮೇಲೆ ಕಸುಬಿನ ದೇವರ ಹೆಸರೂ ಹೀಗೆ ಉಳಿಯಿತು.

ಮುಂದೆ ಸಿಕಂದರ್ ಲೋದಿ ಮತ್ತೆ ರಿಪೇರಿ ಮಾಡಿಸಿದ. 1803ರ ಭೂಕಂಪಕ್ಕೆ ತುದಿಯ ಗುಮ್ಮಟ ಉರುಳಿತು. ದುರಸ್ತಿಗೆ ಬಂದ ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಬರ್ಟ್ ಸ್ಮಿತ್, 1828ರಲ್ಲಿ ಬಂಗಾಳಿ ಶೈಲಿಯ ಛತ್ರಿಯೊಂದನ್ನು ನೆತ್ತಿಗೇರಿಸಿದ. ಮಿನಾರಿಗೆ ಅದು ಒಪ್ಪಲಿಲ್ಲ. 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಅದನ್ನು ಇಳಿಸಿದ. ಊರವರ ಬಾಯಲ್ಲಿ ಅದು ‘ಸ್ಮಿತ್ತನ ಹುಚ್ಚಾಟ’ವಾಯಿತು.

1981ರಲ್ಲಿ ವಿದ್ಯುತ್ ಕೈಕೊಟ್ಟು ಕತ್ತಲಾದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು. ಅಂದಿನಿಂದ ಮಿನಾರಿನ ಒಳಗೆ ಯಾರನ್ನೂ ಬಿಡುವುದಿಲ್ಲ. ತುದಿಯಲ್ಲಿ ಇಪ್ಪತ್ತು ವರ್ಷ ಕೂತಿದ್ದ ಸ್ಮಿತ್ತನ ಛತ್ರಿ ಮಾತ್ರ ಕೆಳಗಿನ ಹುಲ್ಲುಹಾಸಿನಲ್ಲಿದೆ, ಕತ್ತೆತ್ತದೆಯೇ ನೋಡಬಹುದು.