ಮೈಯೊಳಗಿನ ಒಕ್ಕಲು

ಹೊಸಪೇಟೆಗೆ ಸಮೀಪದ ಪಾಪಿನಾಯಕನಹಳ್ಳಿಯಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ತಾಯಂದಿರು ಒಂದೇ ಬಗೆಯಾಗಿ ಮೋಸಹೋಗುವ ಸಂದರ್ಭವೊಂದುಂಟು. ಎಳೆಗೂಸಿನ ನಾಲಿಗೆ ಬೆಳ್ಳಗೆ ಕಾಣುತ್ತದೆ. ಕುಡಿದ ಹಾಲಿನ ಕರೆಯೆಂದು ಭಾವಿಸಿ ಒದ್ದೆಬಟ್ಟೆಯಿಂದ ಒರೆಸುತ್ತಾರೆ. ಹಾಲಾದರೆ ಹೋಗುತ್ತದೆ, ಇದು ಸುಲಭವಾಗಿ ಹೋಗುವುದಿಲ್ಲ. ಬಲವಂತದಿಂದ ಉಜ್ಜಿದರೆ ಅಡಿಯಲ್ಲಿ ಕೆಂಪಗೆ ಹಸಿಯಾದ ಪದರ ಕಾಣಿಸಿ, ಮಗು ಹಾಲೊಲ್ಲದೆ ಅಳತೊಡಗುತ್ತದೆ.

ಇದಕ್ಕೆ ಕಾರಣವಾದ ಜೀವಿ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟ್. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ದೂರದ ನಂಟ. ಲ್ಯಾಟಿನ್ನಿನಲ್ಲಿ ಆ ಎರಡು ಪದಗಳೂ ಬಿಳುಪನ್ನೇ ಹೇಳುತ್ತವೆ. ಹೆಸರಿಟ್ಟವರಿಗೆ ಒಮ್ಮೆ ಹೇಳಿ ತೃಪ್ತಿಯಾಗಲಿಲ್ಲವೆಂದು ತೋರುತ್ತದೆ! ಇದು ಹೊರಗಿನಿಂದ ದಾಳಿಯಿಟ್ಟ ಹಗೆಯಲ್ಲ. ಅನೇಕ ಆರೋಗ್ಯವಂತರ ಬಾಯಿಯಲ್ಲಿ, ಕರುಳಿನಲ್ಲಿ, ಯಾವ ಕೇಡನ್ನೂ ಮಾಡದೆ ಒಕ್ಕಲಿರುವಂಥದು. ಆಗ ಅದರ ರೂಪ ಮೊಟ್ಟೆಯಂತೆ ದುಂಡಗೆ. ಗಾತ್ರ ಒಂದು ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಪಾಲು. ಮೈಯಿಂದ ಮೊಗ್ಗೊಡೆದು ಸಂತಾನ ಬೆಳೆಸುತ್ತದೆ.

ರೂಪ ಬದಲಾದಾಗಲೇ ಗಂಡಾಂತರ. ದುಂಡುಕಣದಿಂದ ನೂಲಿನಂಥ ಎಳೆಯೊಂದು ಹೊರಟು, ಉದ್ದವಾಗುತ್ತ ಬಾಯಿಯ ಒಳಪದರವನ್ನು ಕೊರೆದು ನುಗ್ಗುತ್ತದೆ. ಈ ಎಳೆಗಳು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸಿ ಜೀವಕೋಶಗಳ ಪೊರೆಯನ್ನು ಕೆಡಿಸುತ್ತವೆಂಬ ಸಂಗತಿ ಬೆಳಕಿಗೆ ಬಂದುದು 2016ರಲ್ಲಿ.

ಈ ರೂಪಾಂತರವನ್ನು ಕಣ್ಣಾರೆ ಕಾಣಬಹುದು. 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನಂಥ ಕಡೆಗಳಲ್ಲಿ ವಿದ್ಯಾರ್ಥಿಗಳು ಕಲಿಯುವ ಸರಳ ಪರೀಕ್ಷೆಯದು. ಯೀಸ್ಟನ್ನು ಮನುಷ್ಯರಕ್ತದ ಸೀರಮ್ಮಿನಲ್ಲಿ ಕಲಸಿ, 37 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಸಾಕು. ಸೂಕ್ಷ್ಮದರ್ಶಕದಡಿಯಲ್ಲಿ ಅದು ಮೊಳಕೆ ಬಂದ ಹೆಸರುಕಾಳಿನಂತೆ ಕಾಣುತ್ತದೆ.

ನಮ್ಮ ಮೈಯ ಕಾವೂ ಅಷ್ಟೇ ಅಲ್ಲವೆ, ಹಾಗಾದರೆ ಎಲ್ಲರಿಗೂ ರೋಗವೇಕೆ ಬರುವುದಿಲ್ಲ? ನೆರೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಅನ್ನಕ್ಕೂ ಜಾಗಕ್ಕೂ ಪೈಪೋಟಿ ನಡೆಸಿ ಇದನ್ನು ಹದ್ದಿನಲ್ಲಿಡುತ್ತವೆ. ರಕ್ತದ ಬಿಳಿಯ ಕಣಗಳು ಕಾವಲಿರುತ್ತವೆ. ನೆಗಡಿಗೆಂದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ಗುಳಿಗೆ ತಂದು ನುಂಗುವವರು ಆ ನೆರೆಯವರನ್ನೇ ಕೊಲ್ಲುತ್ತಾರೆ. ನೆಗಡಿಯ ವೈರಸ್ಸಿಗೆ ಆ ಗುಳಿಗೆಯಿಂದ ಏನೂ ಆಗದು, ಲಾಭವೆಲ್ಲ ಯೀಸ್ಟಿಗೆ. ಹತೋಟಿಯಿಲ್ಲದ ಸಿಹಿಮೂತ್ರರೋಗ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಇವೂ ಅದಕ್ಕೆ ದಾರಿಮಾಡುತ್ತವೆ. ಎಳೆಗೂಸಿನಲ್ಲಿಯಾದರೋ ಕಾವಲು ಇನ್ನೂ ಬಲಿತಿರುವುದಿಲ್ಲ. ತೀವ್ರ ಚಿಕಿತ್ಸೆಯಲ್ಲಿರುವ ರೋಗಿಯ ರಕ್ತಕ್ಕೆ ಇಳಿದರೆ ಇದೇ ಯೀಸ್ಟ್ ಪ್ರಾಣವನ್ನೂ ತೆಗೆಯಬಲ್ಲದು.

ಮಗುವಿನ ಬಾಯಿಗೆ ಪರಿಹಾರ ಕಷ್ಟವಲ್ಲ. ಅಮೆರಿಕದ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಬೇರೆಬೇರೆ ಊರುಗಳಲ್ಲಿದ್ದು, ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಔಷಧವೊಂದನ್ನು ಪಡೆದು 1950ರಲ್ಲಿ ಪ್ರಕಟಿಸಿದರು. ತಮ್ಮ ನ್ಯೂಯಾರ್ಕ್ ಸಂಸ್ಥಾನದ ಹೆಸರಿನಿಂದ ಅದನ್ನು ನಿಸ್ಟಾಟಿನ್ ಎಂದು ಕರೆದರು. ವೈದ್ಯರು ಇಂದಿಗೂ ಅದರ ಹನಿಗಳನ್ನು ಮಗುವಿನ ನಾಲಿಗೆಗೆ ಬರೆದುಕೊಡುತ್ತಾರೆ. ಮೊಲೆಯುಣಿಸುವ ತಾಯಿಗೂ ಸೋಂಕು ತಗುಲಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕಾಗುತ್ತದೆ.