ಏರ್ ಪ್ಲಾಂಟ್ ಹೂ ಬಿಟ್ಟ ಮೇಲೆ ಬಿಸಾಡಬೇಡಿ, ಬುಡ ನೋಡಿ

ಮಣ್ಣು ಬೇಡ, ಕುಂಡ ಬೇಡ ಅಂತ ಏರ್ ಪ್ಲಾಂಟ್ ತಂದು ಲ್ಯಾಪ್‌ಟಾಪ್ ಪಕ್ಕ ಇಟ್ಟಿರ್ತೀರಿ. ಒಂದು ದಿನ ಎಲೆ ಕೆಂಪಾಗಿ ನೇರಳೆ ಹೂ ಬರುತ್ತೆ. ಆಮೇಲೆ ಗಿಡ ನಿಧಾನಕ್ಕೆ ಸೊರಗುತ್ತೆ. ಸತ್ತೋಯ್ತು ಅಂತ ಅದನ್ನ ಕಸಕ್ಕೆ ಹಾಕೋದೇ ನಾವು ಮಾಡೋ ತಪ್ಪು.

ಊರಿನ ಬಾಳೆ ನೆನಪು ಮಾಡ್ಕೊಳ್ಳಿ. ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಬಿಡಲ್ಲ. ಬುಡದ ಕಂದು ಮುಂದೆ ಗಿಡ ಆಗುತ್ತೆ. ಏರ್ ಪ್ಲಾಂಟ್, ಅಂದ್ರೆ ಟಿಲ್ಯಾಂಡ್ಸಿಯಾ, ಅನಾನಸ್ ಕುಟುಂಬದ ಗಿಡ. ಇದರದ್ದೂ ಅದೇ ಲೆಕ್ಕ. ಸಾಮಾನ್ಯವಾಗಿ ಒಂದೇ ಸಲ ಹೂ ಬಿಟ್ಟು, ಬುಡದಲ್ಲಿ ಮರಿ ಹಾಕುತ್ತೆ. ತಾಯಿ ಗಿಡ ತಿಂಗಳುಗಟ್ಟಲೆ ಬದುಕಿದ್ದು ಆ ಮರಿಗಳನ್ನ ಸಾಕುತ್ತೆ.

ಮರಿ ಯಾವಾಗ ಬೇರೆ ಮಾಡಬೇಕು? ಬೇರು ಬಂದಿದೆಯಾ ಅಂತ ನೋಡಬೇಡಿ. ಇದರ ಬೇರು ಮರಕ್ಕೋ ಕಲ್ಲಿಗೋ ಹಿಡ್ಕೊಳ್ಳೋಕೆ ಅಷ್ಟೇ. ನೀರು ಹೀರೋದು ಎಲೆ ಮೇಲಿರೋ ಬೂದುಬಣ್ಣದ ಸಣ್ಣ ಪೊರೆಗಳು. ಹಾಗಾಗಿ ಮರಿಗೆ ಸಾಕಷ್ಟು ಎಲೆ ಇರಬೇಕು. ತಾಯಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬೆಳೆಯೋವರೆಗೂ ಕಾಯಿರಿ.

ಆಮೇಲೆ ಎರಡನ್ನೂ ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಬಂದ್ರೆ ಸರಿ, ಬರದಿದ್ರೆ ಇನ್ನೊಂದಷ್ಟು ವಾರ ಬಿಡಿ. ಎಳೆದು ಕೀಳಬೇಡಿ. ಬೇರೆ ಮಾಡಿದ ಮರಿಯನ್ನ ಒಂದು ದಿನ ಒಣಗಲು ಬಿಟ್ಟು, ಆಮೇಲೆ ನೀರು ತೋರಿಸಿ.

ವಾರಕ್ಕೊಂದು ಸಲ 20-30 ನಿಮಿಷ ನೀರಲ್ಲಿ ಮುಳುಗಿಸಿ, ತಲೆಕೆಳಗೆ ಹಿಡಿದು ಕೊಡವಿ. 4 ಗಂಟೆಯೊಳಗೆ ಪೂರ್ತಿ ಒಣಗಬೇಕು. ಎಲೆ ಸಂದಿಯಲ್ಲಿ ನೀರು ನಿಂತ್ರೆ ಬುಡ ಕೊಳೆಯುತ್ತೆ. ಮುಂಬೈ ಮಳೆಗಾಲದಲ್ಲಿ ನೀರು ಕಮ್ಮಿ ಮಾಡಿ, ಫ್ಯಾನ್ ಗಾಳಿ ಕೊಡಿ. ದೆಹಲಿ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೇಕಾಗಬಹುದು. ಬೋರ್‌ವೆಲ್ ಗಡಸು ನೀರು ಎಲೆ ಮೇಲೆ ಬಿಳಿ ಪದರ ಕಟ್ಟುತ್ತೆ, ಮಳೆನೀರು ಸಿಕ್ಕಿದ್ರೆ ಅದೇ ಉತ್ತಮ. ಬೆಳಕು ಚೆನ್ನಾಗಿರಲಿ, ಮಧ್ಯಾಹ್ನದ ನೇರ ಬಿಸಿಲು ಬೇಡ.

ಇನ್ನೊಂದು ಮಾತು. ದಸರಾಕ್ಕೆ ಊರಿಗೆ ಹೊರಡೋ ಹಿಂದಿನ ದಿನ ಮರಿ ಬೇರೆ ಮಾಡಬೇಡಿ. ತಾಯಿ ಜೊತೆಗಿದ್ರೆ ನೀವು ಬರೋವರೆಗೂ ತಡ್ಕೊಳ್ಳುತ್ತೆ. ಬೇರೆ ಮಾಡಲೇಬೇಕು ಅಂತಲೂ ಇಲ್ಲ. ಹಾಗೇ ಬಿಟ್ರೆ ಗುಂಪಾಗಿ ಬೆಳೆಯುತ್ತೆ. ತಾಯಿಯ ಒಣ ಎಲೆ ಮಾತ್ರ ತೆಗೀತಾ ಇರಿ. ಮರಿ ಹೂ ಬಿಡೋಕೆ ವರ್ಷವೋ, ಇನ್ನೂ ಹೆಚ್ಚೋ ಆಗಬಹುದು. ಅವಸರ ಬೇಡ.